ಪೊಟರೆಯ ಎದುರು ಅಪ್ಪನೊಂದಿಗೆ

ಕಳೆದ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, 74 ವರ್ಷದ ಅಪ್ಪನನ್ನು ದಾಂಡೇಲಿಯ ಕಾಡಿಗೆ ಕರೆದುಕೊಂಡು ಹೋಗಿದ್ದೆ. ನಮ್ಮ ಜೊತೆಗಿದ್ದ ಗೈಡ್ ತೋರಿಸಿದ ಎತ್ತರದ ಮರದ ಪೊಟರೆಯಲ್ಲಿ ದೊಡ್ಡ ಮಂಗಟ್ಟೆ (ಗ್ರೇಟ್ ಹಾರ್ನ್‌ಬಿಲ್) ಹಕ್ಕಿಯೊಂದು ಗೂಡು ಮಾಡಿತ್ತು. ಗೂಡು ಎಂದರೂ ಕಾಣುವುದು ಮುಚ್ಚಿದ ಬಾಯಿ, ಅದರ ನಡುವೆ ಕೊಕ್ಕು ತೂರುವಷ್ಟೇ ಅಗಲದ ಒಂದು ಸೀಳು.

ಆ ಬಾಗಿಲನ್ನು ಹೆಣ್ಣುಹಕ್ಕಿಯೇ ಒಳಗೆ ಕುಳಿತು ತನ್ನ ಹಿಕ್ಕೆಯಿಂದ ಮೆತ್ತಿಕೊಳ್ಳುತ್ತದೆ. ಮೊಟ್ಟೆ ಒಡೆಯಲು ಸುಮಾರು 40 ದಿನ ಬೇಕು. ಅಷ್ಟರಲ್ಲಿ ಅದರ ಹಾರುವ ಗರಿಗಳು ಉದುರಿಹೋಗಿರುತ್ತವೆ. ಬಾಗಿಲು ಒಡೆದರೂ ಹಾರಲಾಗದ ಆ ದಿನಗಳಲ್ಲಿ ಅನ್ನವೆಲ್ಲ ಗಂಡು ತಂದದ್ದೇ. ಶ್ರೀವೈಷ್ಣವರ ಎರಡು ಪಂಗಡಗಳಲ್ಲಿ, ದೇವರಿಗೆ ಶರಣಾಗತಿಯನ್ನು ವಿವರಿಸಲು ವಡಗಲೆಯವರು ತಾಯಿಯನ್ನು ತಾನೇ ಅವುಚಿಕೊಳ್ಳುವ ಮಂಗನ ಮರಿಯನ್ನೂ, ತೆಂಗಲೆಯವರು ತಾಯಿ ಕಚ್ಚಿ ಒಯ್ಯುವ ಬೆಕ್ಕಿನ ಮರಿಯನ್ನೂ ಉದಾಹರಿಸುವುದುಂಟು. ಈ ಮಂಗಟ್ಟೆ ಎರಡಕ್ಕೂ ಹೊಂದುವುದಿಲ್ಲ. ಅವುಚಿಕೊಳ್ಳಲು ಇದಕ್ಕೆ ಯಾರೂ ಎದುರಿಗಿಲ್ಲ, ಹಾಗೆಂದು ಸುಮ್ಮನೆ ಬಿದ್ದುಕೊಂಡದ್ದೂ ಅಲ್ಲ; ತಾನೇ ದುಡಿದು ತನ್ನ ಬಾಗಿಲು ಮುಚ್ಚಿಕೊಂಡಿದೆ.

ಒಂದು ಗಂಟೆ ಕಳೆದರೂ ಗಂಡಿನ ಸುಳಿವಿಲ್ಲ. ನಾನು ಎರಡು ಸಲ ಗಡಿಯಾರ ನೋಡಿದೆ.

“ಬರ್ತೈತಿ, ತಡಿ,” ಎಂದ ಅಪ್ಪ, ಮರದಿಂದ ಕಣ್ಣು ತೆಗೆಯದೆ.

ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ. ಮಳೆಗಾಲದಲ್ಲಿ ಕ್ಯಾಸಲ್‌ರಾಕ್ ಘಟ್ಟದ ಹಳಿಯ ಮೇಲೆ ಕಲ್ಲು ಬಿದ್ದಿದೆಯೇ, ಮಣ್ಣು ಕುಸಿದಿದೆಯೇ ಎಂದು ಲಾಟೀನು ಹಿಡಿದು ರಾತ್ರಿಯಿಡೀ ನಡೆಯುವುದು ಅವನ ಪಾಳಿ. ಅಳ್ನಾವರದ ಮನೆಯಲ್ಲಿ ನಾವು ಮೂವರು ಮಕ್ಕಳು ಸಣ್ಣವರು. ಅವ್ವ ಒಳಗಿನಿಂದ ಚಿಲಕ ಹಾಕಿ, ಅವನ ಪಾಲಿನ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು ಮಲಗಿಬಿಡುತ್ತಿದ್ದಳು. ಅವನು ಬಾರದಿದ್ದರೆ ಏನು ಗತಿ ಎಂಬ ಮಾತು ಅವಳ ಬಾಯಿಂದ ಒಮ್ಮೆಯೂ ಬಂದದ್ದು ನಾನು ಕೇಳಿಲ್ಲ. ಅದು ಭಯವಿಲ್ಲದ ನಿದ್ದೆಯೋ, ಭಯವನ್ನು ನಮಗೆ ತೋರಿಸಬಾರದೆಂಬ ಹಟವೋ, ಕೇಳೋಣವೆಂದರೆ ಈಗ ಅವ್ವ ಇಲ್ಲ.

ನನಗಿಂತ ಮೊದಲು ಸದ್ದು ಕೇಳಿದ್ದು ಅಪ್ಪನಿಗೆ. ದೂರದಿಂದ ಉಗಿಬಂಡಿ ಏದುಸಿರು ಬಿಡುತ್ತ ಬಂದಂತೆ ರೆಕ್ಕೆಯ ಬಡಿತ. ಕೆಂಪು ಕಣ್ಣಿನ ಗಂಡು ಬಂದು ತೊಗಟೆ ಹಿಡಿದು ಕುಳಿತು, ಕತ್ತು ಕೊಂಕಿಸಿ ಗಂಟಲಿನಿಂದ ಒಂದು ಅತ್ತಿಹಣ್ಣನ್ನು ಕೊಕ್ಕಿನ ತುದಿಗೆ ತಂದು ಸೀಳಿನೊಳಗೆ ಚಾಚಿತು. ಆಮೇಲೆ ಇನ್ನೊಂದು, ಮತ್ತೊಂದು. 23ರವರೆಗೆ ಎಣಿಸಿ ನನಗೆ ಲೆಕ್ಕ ತಪ್ಪಿತು. ಒಂದನ್ನೂ ತಾನು ನುಂಗಲಿಲ್ಲ. ಹಕ್ಕಿಗೆ ನಮ್ಮ ಸದ್ಗುಣಗಳನ್ನು ಹೊರಿಸಬಾರದೆಂದು ಗೊತ್ತಿದ್ದೂ, ಪಾಳಿ ಮುಗಿಸಿ ಬಂದ ಅಪ್ಪ ಒದ್ದೆ ಕೋಟಿನ ಜೇಬಿನಿಂದ ಪೆಪ್ಪರಮಿಂಟನ್ನು ಒಂದೊಂದಾಗಿ ತೆಗೆದು ಕೊಡುತ್ತಿದ್ದುದು ನೆನಪಾಗದೆ ಇರಲಿಲ್ಲ.

ಗಂಡು ಹಾರಿಹೋದ ಮೇಲೆ ಕೇಳಿದೆ: “ಅಲ್ಲಪ್ಪಾ, ಅದಕ್ಕ ಅಷ್ಟು ನಂಬಿಗಿ ಎಲ್ಲಿಂದ ಬರ್ತದ?”

“ಅಕಿ ಬಾಗ್ಲಾ ಹಾಕ್ಕೊಂಡು ಕುಂತಾಳ ಅಂದಮ್ಯಾಲ ಅಂವ ಬರಾಕs ಬೇಕಲ್ಲೋ,” ಎಂದ ಅಪ್ಪ.

ಬಿಸಿಲು ಏರಿತ್ತು, ಹೊರಡೋಣವೆಂದೆ. ಅವನು ಟವೆಲ್ಲನ್ನು ತಲೆಗೆ ಸುತ್ತಿಕೊಂಡು, “ಇನ್ನೊಮ್ಮಿ ಬರಲಿ, ನೋಡಿ ಹೋಗೂಣು,” ಎಂದು ಅಲ್ಲೇ ಕುಳಿತ.