ಮುತ್ಯಾನ ತಂತಿ: ಮೂರನೇ ತಿಂಗಳ ಲೆಕ್ಕ

ಮಾಳಿಗೆ ಕೋಣೆಯಲ್ಲಿ ಫ್ಯಾನ್ ಹಾಕುವಂತಿಲ್ಲ, ಕಾಗದ ಹಾರುತ್ತವೆ. ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಫ್ಯಾನಿಲ್ಲದೆ ಕೂಡುವುದೂ ಆಗದು. ಹಾಗಾಗಿ ಈ ತಿಂಗಳು ಮುತ್ಯಾನ (ಅಜ್ಜನ) ಹಳೇ ಕಾಗದ ಜೋಡಿಸುವ ಕೆಲಸ ನಸುಕಿನ ಆರರಿಂದ ಎಂಟೂವರೆವರೆಗೆ ಮಾತ್ರ.

ಹಿಂದಿನ ಕಂತು ಓದದವರಿಗೆ: ನಮ್ಮ ಮುತ್ಯಾನದು ಗಂಜ್ ಮಾರುಕಟ್ಟೆಯಲ್ಲಿ ತೊಗರಿ, ಹತ್ತಿಯ ಅಡತಿ (ದಲ್ಲಾಳಿ) ಅಂಗಡಿ ಇತ್ತು. ಆತ ಬಿಟ್ಟುಹೋದದ್ದು ಒಂದು ಟ್ರಂಕ್, ಕೆಂಪು ಬಟ್ಟೆಯಲ್ಲಿ ಸುತ್ತಿದ ಕಿರ್ದಿ–ಖಾತೆ ಪುಸ್ತಕಗಳು, ಗೋಡೆಯ ಮೊಳೆಗೆ ನೇತಾಡುವ ಎರಡು ತಂತಿ. ಬಂದ ಕಾರ್ಡು, ರಸೀದಿ ಎಲ್ಲ ಚುಚ್ಚಿಡುವ, ಬುಡದಲ್ಲಿ ಮರದ ಬಿಲ್ಲೆ ಇರುವ ತಂತಿ. ಹಳೇ ಅಂಗಡಿಗಳಲ್ಲಿ ನೋಡಿರುತ್ತೀರಿ.

ಮೊದಲ ತಂತಿ ಬಿಚ್ಚಿದ್ದೇನೆ. 214 ಕಾಗದ. ಬಿಚ್ಚಿ, ‘ವ್ಯಾಪಾರ’, ‘ಮನೆ’ ಅಂತ ಎರಡು ಗುಡ್ಡೆ ಮಾಡಿ, ಎರಡನ್ನೂ ಇಸವಿ ಪ್ರಕಾರ ಜೋಡಿಸಿದೆ. ಎಂಥಾ ಶಿಸ್ತು ಅಂತ ನನಗೇ ಹೆಮ್ಮೆ. ಆಮೇಲೆ ಗೊತ್ತಾಯಿತು, ಪತ್ರಾಗಾರದವರು ಮಾಡಬಾರದು ಅನ್ನುವ ಮೊದಲ ಕೆಲಸವನ್ನೇ ನಾನು ಮಾಡಿ ಮುಗಿಸಿದ್ದೆ.

ಮುಂಬೈಯ ಹತ್ತಿ ವ್ಯಾಪಾರಿ ಪುರುಷೋತ್ತಮದಾಸ್ ಠಾಕೂರ್‌ದಾಸ್ ಅವರ ಖಾಸಗಿ ಪತ್ರಗಳು ದಿಲ್ಲಿಯ ತೀನ್ ಮೂರ್ತಿ ಗ್ರಂಥಾಲಯದಲ್ಲಿವೆ. 1944ರ ‘ಬಾಂಬೆ ಪ್ಲಾನ್’ ಎಂಬ ಆರ್ಥಿಕ ಯೋಜನೆ ಬರೆದ ಎಂಟು ಜನರಲ್ಲಿ ಇವರೂ ಒಬ್ಬರು. ಮುತ್ಯಾ ಹತ್ತಿ ಕಳಿಸುತ್ತಿದ್ದದ್ದು ಅದೇ ಮುಂಬೈಗೆ, ಹಾಗಾಗಿ ದೊಡ್ಡವರ ಕಾಗದ ಹೇಗೆ ಇಡುತ್ತಾರೆ ಅಂತ ಓದಲು ಕೂತೆ. ಇಂಥ ಸಂಗ್ರಹಗಳಿಗೆಲ್ಲ ಒಂದೇ ನಿಯಮ: ಒಡೆಯ ಇಟ್ಟ ಕ್ರಮ ಸಿಕ್ಕರೆ ಅದನ್ನು ಮುಟ್ಟಬೇಡಿ. ಯಾವ ಕಾಗದದ ಪಕ್ಕ ಯಾವುದಿತ್ತು ಅನ್ನುವುದೂ ದಾಖಲೆಯೇ. ನಾನು ಬಿಚ್ಚುವ ಮೊದಲು ಫೋಟೊ ಕೂಡ ತೆಗೆದಿರಲಿಲ್ಲ.

ಎರಡು ದಿನ ಕೋಣೆಗೆ ಹೋಗಲಿಲ್ಲ.

ದಾರಿ ತೋರಿಸಿದ್ದು ತುಕ್ಕು. ತಂತಿ ಹಾದ ತೂತಿನ ಸುತ್ತ ಕಂದು ಕಲೆ ಇರುತ್ತದಲ್ಲ, ಅದು ಒಂದು ಕಾಗದದಿಂದ ಪಕ್ಕದ್ದಕ್ಕೆ ಇಳಿದಿರುತ್ತದೆ. ಒಂದರ ಬೆನ್ನಿನ ಕಲೆ, ಇನ್ನೊಂದರ ಎದೆಯ ಕಲೆ, ಆಕಾರ ಕೂಡಿದರೆ ಅವೆರಡು ನೆರೆಹೊರೆ. ಭೂತಗನ್ನಡಿ ಹಿಡಿದು ಇಲ್ಲಿವರೆಗೆ 61 ಕಾಗದ ಮತ್ತೆ ಸಾಲಿಗೆ ಬಂದಿವೆ. ಬೆನ್ನಿಗೆ ಪೆನ್ಸಿಲಿನಲ್ಲಿ ಸಣ್ಣಗೆ ನಂಬರ್ ಹಾಕುತ್ತಿದ್ದೇನೆ. ಪೆನ್ನು ಆ ಕೋಣೆಗೆ ಬರಂಗಿಲ್ಲ.

ರಾಯಚೂರಿನಿಂದ ಬಂದ ಒಂದು ಕಾರ್ಡು ಮಾತ್ರ ತಲೆ ಕೆಡಿಸಿತು. ಉರ್ದುವಿನಲ್ಲಿದೆ, ತಾರೀಖು ಆಬಾನ್ 1357 ಫಸಲಿ, ಅಂದರೆ ನಿಜಾಮರ ಕಾಲದ ಸರಕಾರಿ ವರ್ಷದ ಎಣಿಕೆ. ಫಸಲಿಗೆ 590 ಕೂಡಿಸಬೇಕು ಅಂತ ಎಲ್ಲೋ ಕೇಳಿದ್ದೆ, ಕೂಡಿಸಿ 1947ರ ಗುಡ್ಡೆಗೆ ಹಾಕಿದ್ದೆ. ಆದರೆ ಅದರ ತುಕ್ಕು ಕೂಡಿದ್ದು 1948ರ ಸೆಪ್ಟೆಂಬರಿನ ಹಮಾಲಿ ಚೀಟಿಯ ಜೊತೆ. ಓಣಿಯ ನಿವೃತ್ತ ಉರ್ದು ಮಾಸ್ತರರಿಗೆ ತೋರಿಸಿದೆ.

“ಅರೆ ಬೇಟಾ, ಐನೂರಾ ತೊಂಬತ್ತು ಎಲ್ಲಾ ತಿಂಗಳಿಗೂ ನಡ್ಯಂಗಿಲ್ಲ” ಅಂದರು.

ನಿಜಾಮರ ಫಸಲಿ ವರ್ಷ ಸುರುವಾಗುವುದು ಆಜೂರ್ ತಿಂಗಳಿಗೆ, ಅಂದರೆ ನಮ್ಮ ಅಕ್ಟೋಬರ್. ಡಿಸೆಂಬರ್ ಮುಗಿಯುವ ತನಕ 590, ಜನವರಿಯಿಂದ ಮುಂದೆ 591. ಆಬಾನ್ ಕೊನೇ ತಿಂಗಳು. ಕಾರ್ಡು 1948ರದೇ, ಭಾರತದ ಸೇನೆ ನಿಜಾಮರ ಸಂಸ್ಥಾನಕ್ಕೆ ನುಗ್ಗಿದ ಸೆಪ್ಟೆಂಬರ್ 13ರಿಂದ 17ರ ಪೊಲೀಸ್ ಆ್ಯಕ್ಷನ್ನಿನ ಆಸುಪಾಸು. ಒಳಗೆ ಮಾಸ್ತರರು ಓದಿ ಹೇಳಿದ್ದು ಇಷ್ಟೇ: ರೈಲು ನಂಬಬೇಡಿ, ಮಾಲು ಈಗ ಕಳಿಸಬೇಡಿ. ತಂತಿಯಲ್ಲಿ ಅದರ ಮುಂದಿನ ಕಾಗದ ಏನು ಗೊತ್ತೆ? ತವರಿನಲ್ಲಿದ್ದ ಆಯಿ (ಅಜ್ಜಿ) ಯಾರ ಕೈಲೋ ಬರೆಸಿದ ಚೀಟಿ, ಅಲ್ಲಿ ಎಲ್ಲರೂ ಸುಖವಾಗಿದ್ದೇವೆ ಅಂತ. ನನ್ನ ‘ಮನೆ’, ‘ವ್ಯಾಪಾರ’ ಗುಡ್ಡೆಗಳನ್ನು ಅವತ್ತೇ ಕೂಡಿಸಿಬಿಟ್ಟೆ.

ಒಂದು ನಷ್ಟವನ್ನೂ ಬರೆದಿಡಬೇಕು. ಧೂಳು ಒರೆಸಲು ಒಂದು ಚೀಟಿಗೆ ಒದ್ದೆ ಬಟ್ಟೆ ಮುಟ್ಟಿಸಿದೆ. ಬೂದು ಅಕ್ಷರ ಕಣ್ಣೆದುರೇ ನೇರಳೆಯಾಗಿ ಹರಿದವು. ಅದು ಕಾಪಿಯಿಂಗ್ ಪೆನ್ಸಿಲ್, ಅದರಲ್ಲಿ ಬಣ್ಣ ಬೆರೆತಿರುತ್ತದೆ, ನೀರು ತಾಗಿದರೆ ಶಾಯಿಯಾಗುತ್ತದೆ. ಎರಡು ಸಾಲು ಹೋದವು. ಈಗ ಮೆತ್ತನೆ ಒಣ ಬ್ರಷ್ ಮಾತ್ರ.

ಖುಷಿಯ ಸಂಗತಿ ಹುಂಡಿ, ಅಂದರೆ ಇಷ್ಟು ಹಣ ಕೊಡಿ ಅಂತ ವ್ಯಾಪಾರಿಗಳು ಬರೆದುಕೊಡುತ್ತಿದ್ದ ಚೀಟಿ. ಮೂರು ಸಿಕ್ಕಿವೆ. ಮೊತ್ತವನ್ನು ಯಾರೂ ತಿದ್ದಬಾರದು ಅಂತ ಅರ್ಧವನ್ನೂ ಬರೆಯುತ್ತಿದ್ದರು: ರೂಪಾಯಿ ಆರುನೂರು, ಅರ್ಧ ಮುನ್ನೂರು, ಅದರ ಇಮ್ಮಡಿ ಪೂರಾ ಕೊಡುವುದು. ಆದರೆ ಕಿರ್ದಿಯಲ್ಲಿ ಅದೇ ಹುಂಡಿ ಎದುರು 700 ಅಂತಿದೆ! ಮುತ್ಯಾ ನೂರು ರೂಪಾಯಿ ನುಂಗಿದನೇ ಅಂತ ಒಂದು ಕ್ಷಣ ಅನಿಸಿದ್ದು ನಿಜ. ಹುಂಡಿ ಮುಂಬೈಯ ಕಲ್ದಾರ್ (ಬ್ರಿಟಿಷ್) ರೂಪಾಯಿಯದು, ಕಿರ್ದಿ ನಿಜಾಮರ ಸ್ವಂತ ನಾಣ್ಯವಾದ ಹಾಲಿ ಸಿಕ್ಕಾದ್ದು. ಆರು ಕಲ್ದಾರಿಗೆ ಏಳು ಹಾಲಿ. ಲೆಕ್ಕ ಪೈಸೆ ತಪ್ಪಿಲ್ಲ. ಮುತ್ಯಾನ ಫೋಟೊದ ಮುಂದೆ ನಿಂತು ತಪ್ಪಾಯಿತು ಅಂದೆ.

ಉಳಿದದ್ದು: 153 ಕಾಗದಕ್ಕೆ ನೆರೆಯವರನ್ನು ಹುಡುಕಬೇಕು. ತುಕ್ಕು ಹಿಡಿದ ಗುಂಡುಪಿನ್ನು ತೆಗೆಯಬೇಕು. ಎರಡನೇ ತಂತಿ ಇನ್ನೂ ಮೊಳೆಗೇ ಇದೆ. ಫೋಟೊ ತೆಗೆಯಲು ತಮ್ಮನ ಹತ್ತಿರ ಟ್ರೈಪಾಡ್ ಕೇಳಿದ್ದೇನೆ, ಐತವಾರ ತರ್ತಾನಂತೆ.