ನೆರೆಗಲ್ಲಿನ ಕೆಲಸ: ನವೆಂಬರಿನಿಂದ ಏಪ್ರಿಲ್‌ವರೆಗೆ

ಹೊಳೆಯಲ್ಲಿ ಹೋದವರ ಹೆಸರು ಒಂದು ಕಲ್ಲಿನ ಮೇಲೆ ಇರಬೇಕು. 2019ರ ಆಗಸ್ಟಿನಲ್ಲಿ, ಆಶ್ಲೇಷ ಮಳೆಗೆ, ತುಂಗೆ ಎಲ್ಲಿಯವರೆಗೆ ಏರಿತ್ತು ಎಂಬ ಗೆರೆಯೂ ಅದೇ ಕಲ್ಲಿನ ಮೇಲೆ ಸರಿಯಾದ ಎತ್ತರದಲ್ಲಿ ಬರಬೇಕು. ಶಿವಮೊಗ್ಗದವರಿಗೆ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪವಿದೆ. ಅದು ಮುಳುಗಿತೆಂದರೆ ಹೊಳೆ ತುಂಬಿತೆಂದು ಪೇಟೆಗೆಲ್ಲ ಗೊತ್ತು. ತೀರ್ಥಹಳ್ಳಿಗೆ ರಾಮಮಂಟಪ. ದಂಡೆಯ ಸಣ್ಣ ಊರುಗಳಿಗೆ ಅಂಥ ಗುರುತು ಇಲ್ಲ. ಅಂಥದೊಂದು ಊರಿಗೆ ಈ ಕಲ್ಲು.

ನವೆಂಬರ್: ಗೆರೆ ಹುಡುಕಿದ್ದು

ಹೊರಗೋಡೆಗಳಿಗೆ ಸುಣ್ಣಬಣ್ಣ ಆಗಿಹೋಗಿದೆ. ಗುರುತು ಉಳಿದಿರುವುದು ಮೀಟರ್ ಬೋರ್ಡಿನ ಹಿಂದೆ, ಗೋಡೆಗೆ ಸೇರಿಸಿ ಕೂರಿಸಿದ ಕಪಾಟಿನ ಬೆನ್ನಿಗೆ, ಯಾರೂ ಬಣ್ಣ ಬಳಿಯದ ಉಗ್ರಾಣದೊಳಗೆ. ಕಣ್ಣಿಗೆ ಬಿದ್ದ ಗುರುತುಗಳೆಲ್ಲ ನಂಬಿಕೆಗೆ ಯೋಗ್ಯವಲ್ಲ. ಮಣ್ಣಿನ ಗೋಡೆ ನೀರನ್ನು ಹೀರಿ ಮೇಲೆಳೆಯುತ್ತದೆ, ಆದ್ದರಿಂದ ತೇವದ ಕಲೆ ನಿಜವಾದ ಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೂ ಆಶ್ಚರ್ಯವಿಲ್ಲ. ನೋಡಬೇಕಾದ್ದು ತೇವದ ಕಲೆಯನ್ನಲ್ಲ, ಕೆಸರಿನ ಗೆರೆಯನ್ನು. ಹೊಳೆಗೆ ಎದುರಾದ ಗೋಡೆಯೂ ಮೋಸ ಮಾಡುತ್ತದೆ: ಸೆಕೆಂಡಿಗೆ 2 ಮೀಟರ್ ಓಡುವ ನೀರು ಗೋಡೆಗೆ ಬಡಿದರೆ ಸುಮಾರು 20 ಸೆಂಟಿಮೀಟರ್ ಮೇಲೇಳುತ್ತದೆ, 3 ಮೀಟರ್ ಓಟವಾದರೆ 45ರ ಹತ್ತಿರ. ಅಡಕೆ ಮರಕ್ಕೆ ಸಿಕ್ಕಿಕೊಂಡ ಕಸಕಡ್ಡಿ ಇನ್ನೂ ದೊಡ್ಡ ಸುಳ್ಳು. ಸೆಳವಿಗೆ ಬಾಗಿದ ಮರ ನೀರು ಇಳಿದ ಮೇಲೆ ನೆಟ್ಟಗಾಗುತ್ತದೆ, ಕಸವೂ ಜೊತೆಗೆ ಮೇಲೆ ಹೋಗುತ್ತದೆ.

ಮೊಬೈಲ್ ಫೋಟೋಗಳು ಬಹಳ ಬಂದವು. ವಾಟ್ಸಾಪಿನಲ್ಲಿ ಕೈ ಬದಲಾಯಿಸಿದ ಫೋಟೋದಲ್ಲಿ ತೆಗೆದ ಹೊತ್ತಿನ ದಾಖಲೆ ಅಳಿಸಿಹೋಗಿರುತ್ತದೆ. ಅದು ನೀರು ಏರುವಾಗ ತೆಗೆದದ್ದೋ ಇಳಿಯುವಾಗ ತೆಗೆದದ್ದೋ ಹೇಳಲಾಗದು. ಐದು ಗುರುತುಗಳಲ್ಲಿ ಎರಡನ್ನೇ ಇಟ್ಟುಕೊಂಡದ್ದು. ಎರಡೂ ಮುಚ್ಚಿದ ಕೋಣೆಯೊಳಗಿನವು, ನೀರು ಅಲುಗಾಡದೆ ನಿಂತ ಜಾಗದವು.

ಡಿಸೆಂಬರ್: ಮಟ್ಟ ತಂದದ್ದು

ಮೊಬೈಲಿನ ಜಿಪಿಎಸ್ ಎತ್ತರದ ಕೆಲಸಕ್ಕೆ ಬಾರದು, ತಪ್ಪು ಮೀಟರುಗಳಲ್ಲಿ ಇರುತ್ತದೆ. ಗಾರೆ ಕೆಲಸದವರ ನೀರಿನ ಪೈಪೇ ಸಾಕು: 10 ಮಿಲಿಮೀಟರ್ ಒಳವ್ಯಾಸದ ಪಾರದರ್ಶಕ ಪೈಪು, 20 ಮೀಟರ್. ತುಂಬಿದ ನೀರು ಎರಡು ತುದಿಗಳಲ್ಲೂ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಉಗ್ರಾಣದ ಗುರುತಿನಿಂದ ಕಲ್ಲು ನಿಲ್ಲುವ ಜಾಗಕ್ಕೆ 46 ಮೀಟರ್, ಅಂದರೆ ಮೂರು ಹಂತ.

ಮೊದಲ ಸಲ ಹೋಗುವಾಗಿನ ಲೆಕ್ಕಕ್ಕೂ ಬರುವಾಗಿನ ಲೆಕ್ಕಕ್ಕೂ 9 ಸೆಂಟಿಮೀಟರ್ ವ್ಯತ್ಯಾಸ. ಕಾರಣ ಗಾಳಿಗುಳ್ಳೆ. ಬೇಲಿಯ ಮೇಲೆ ಪೈಪು ಗೂನಾಗಿ ಹಾದುಹೋದ ಕಡೆ ಗಾಳಿ ಸೇರಿಕೊಂಡಿತ್ತು. ನಲ್ಲಿಗೆ ಹಿಡಿದು ತುಂಬಿದರೆ ಗಾಳಿ ಸೇರುವುದು ಖಂಡಿತ; ಬಕೆಟನ್ನು ಎತ್ತರದಲ್ಲಿಟ್ಟು, ಬಾಯಿಂದ ಎಳೆದು ನಿಧಾನಕ್ಕೆ ಹರಿಯಬಿಡಬೇಕು. ಪ್ರತಿ ಹಂತಕ್ಕೂ ಮೊದಲು ಪೈಪಿನ ಎರಡು ತುದಿಗಳನ್ನು ಅಕ್ಕಪಕ್ಕ ಹಿಡಿದಾಗ ನೀರು ಸಮ ನಿಲ್ಲಬೇಕು. ನಿಲ್ಲದಿದ್ದರೆ ಮುಂದೆ ಹೋಗುವ ಮಾತೇ ಇಲ್ಲ. ಓದುವಾಗ ಎರಡು ಬಾಯಿಗಳೂ ತೆರೆದಿರಬೇಕು, ಬೆರಳು ಒತ್ತಿ ಹಿಡಿಯುವ ಅಭ್ಯಾಸ ಬಿಡಬೇಕು. ಎರಡನೆಯ ಸಲ ವ್ಯತ್ಯಾಸ 4 ಮಿಲಿಮೀಟರಿಗೆ ಇಳಿಯಿತು.

ಗೆರೆ ಬಂದದ್ದು ನೆಲದಿಂದ 1.08 ಮೀಟರ್ ಎತ್ತರಕ್ಕೆ. ಆದರೆ ನೆಲ ನಂಬುವಂಥದ್ದಲ್ಲ, ಪ್ರತಿ ಸಲ ಡಾಂಬರು ಬಿದ್ದಾಗ ರಸ್ತೆ ಏರುತ್ತದೆ. ಹಾಗಾಗಿ ಸೇತುವೆಯ ಕಟ್ಟೆಯಿಂದಲೂ ಅಳೆದು ಬರೆದಿಟ್ಟಿದೆ. ನಾಳೆ ಕಲ್ಲು ಸರಿದರೂ ಗೆರೆಯನ್ನು ಮತ್ತೆ ಹಿಡಿಯಬಹುದು.

ಜನವರಿ: ಹೆಸರುಗಳು

ಅತಿ ನಿಧಾನದ ಕೆಲಸ ಇದೇ. ಮಲೆನಾಡಿನ ಹೊಳೆ ಒಂದೇ ದಿನ ನೂರು ಜನರನ್ನು ಒಯ್ಯುವುದು ಕಡಿಮೆ. ಒಂದು ವರ್ಷ ಕಾಲುಸಂಕದಲ್ಲಿ ಒಬ್ಬರು, ಇನ್ನೊಂದು ವರ್ಷ ದನ ಬಿಡಿಸಲು ಗದ್ದೆಗಿಳಿದ ಒಬ್ಬರು. ಬಿಡಿಬಿಡಿಯಾಗಿ ಹೋದದ್ದರಿಂದ ಲೆಕ್ಕಕ್ಕೆ ಸಿಗುವುದಿಲ್ಲ. ಪರಿಹಾರದ ಪಟ್ಟಿಯೊಂದನ್ನೇ ನಂಬಿದರೆ ಬೇರೆ ವರ್ಷದವರು ಬಿಟ್ಟುಹೋಗುತ್ತಾರೆ.

ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಮನೆಯಲ್ಲಿ ಕರೆಯುವುದು ಇನ್ನೊಂದು. ಕಲ್ಲಿಗೆ ಮನೆಯವರು ಹೇಳಿದ ಹೆಸರು, ಮನೆ ಅಥವಾ ಕೇರಿ, ವಯಸ್ಸು, ಇಸವಿ, ಇಷ್ಟೇ. ಜಾತಿಸೂಚಕ ಇಲ್ಲ, ಶ್ರೀ ಇಲ್ಲ, ದಿವಂಗತ ಇಲ್ಲ.

ತಲೆಬರಹದಲ್ಲಿ ‘ಮೃತರು’ ಎಂದಿದ್ದುದನ್ನು ತೆಗೆದು ‘ಹೊಳೆಯಲ್ಲಿ ಹೋದವರು’ ಎಂದು ಮಾಡಿದೆ. ದೇಹ ಸಿಗದವರೂ ಪಟ್ಟಿಯಲ್ಲಿದ್ದಾರೆ. ಸಾಕ್ಷ್ಯ ಕಾನೂನಿನ ಸಾಮಾನ್ಯ ನಿಯಮದಂತೆ 7 ವರ್ಷ ಸುದ್ದಿಯಿಲ್ಲದಿದ್ದರೆ ಮಾತ್ರ ಸತ್ತರೆಂದು ಭಾವಿಸಬಹುದು. ಅದಕ್ಕೂ ಮೊದಲೇ ಕಲ್ಲು ತೀರ್ಪು ಕೊಡುವುದು ಬೇಡ. ‘ಹೋದವರು’ ಎಂದರೆ ಎರಡಕ್ಕೂ ಸಲ್ಲುತ್ತದೆ, ಊರಿನ ಮಾತೂ ಅದೇ. ಕೆಳಗೆ ಖಾಲಿ ಸಾಲು ಬಿಡುವ ಸಲಹೆಯನ್ನು ಎಲ್ಲ ಮನೆಯವರೂ ತಳ್ಳಿಹಾಕಿದರು, ಮುಂದಿನವರಿಗೆ ಜಾಗ ಕಾದಿರಿಸಿದ ಹಾಗಾಗುತ್ತದೆಂದು. ಸರಿಯಾದ ಮಾತು.

ಫೆಬ್ರುವರಿ: ಕಲ್ಲು

ಬೂದು ಕಣಶಿಲೆ (ಗ್ರಾನೈಟ್), 7 ಅಡಿ ಉದ್ದ, 2.5 ಅಡಿ ಅಗಲ, 6 ಇಂಚು ದಪ್ಪ. ಘನ ಅಡಿಗೆ 75 ಕೆ.ಜಿ. ಲೆಕ್ಕದಲ್ಲಿ ಸುಮಾರು 650 ಕೆ.ಜಿ. ಮೊದಲು ನೋಡಿದ ಕಲ್ಲಿನಲ್ಲಿ ನರ ಇತ್ತು: ಸುತ್ತಿಗೆಯಿಂದ ತಟ್ಟಿದರೆ ಗಂಟೆಯಂತೆ ನುಡಿಯುವ ಬದಲು ಒಂದು ಕಡೆ ಮಂಕಾಗಿ ಕೇಳಿಸಿತು. ನೀರು ಸುರಿದು ಒಣಗಲು ಬಿಟ್ಟಾಗ ಆ ನರವೊಂದೇ ಒದ್ದೆಯಾಗಿ ಉಳಿಯಿತು. ಅಂಥದ್ದಕ್ಕೆ ಉಳಿ ಹಾಕಿದರೆ ಅಕ್ಷರದ ನಡುವೆಯೇ ಸೀಳುತ್ತದೆ.

ಮಾದರಿ ಹೊರಗಿನಿಂದ ತರಬೇಕಿಲ್ಲ. ಸೊರಬ, ಶಿಕಾರಿಪುರದ ಕಡೆ ಹೆಜ್ಜೆಗೊಂದು ವೀರಗಲ್ಲು ಇವೆ. ಅವುಗಳ ತುದಿಯ ಸೂರ್ಯಚಂದ್ರರನ್ನಷ್ಟೇ ತೆಗೆದುಕೊಂಡಿದೆ. ಪಟ್ಟಿಯಲ್ಲಿ ಎಲ್ಲ ಧರ್ಮದವರೂ ಇರುವಾಗ ಲಿಂಗದ ಪಟ್ಟಿಕೆ ಬೇಡ. ಸೂರ್ಯಚಂದ್ರ ಮತ್ತು ತಲೆಬರಹ ನೀರಿನ ಗೆರೆಯ ಮೇಲೆ, ಹೆಸರುಗಳೆಲ್ಲ ಗೆರೆಯ ಕೆಳಗೆ. ಬುಡದ ಒಂದು ಅಡಿ ಖಾಲಿ, ಮಳೆಹನಿ ನೆಲಕ್ಕೆ ಬಡಿದು ಮಣ್ಣು ಸಿಡಿಯುವುದು ಅಷ್ಟು ಎತ್ತರಕ್ಕೆ. ಗೆರೆಗೆ ಹಿತ್ತಾಳೆ ಪಟ್ಟಿ ಎಂಬ ಆಸೆಯಿತ್ತು. ಗುಜರಿ ಅಂಗಡಿಯ ಪಾಲಾಗುತ್ತದೆಂದು ಕೈಬಿಟ್ಟದ್ದು. 6 ಮಿಲಿಮೀಟರ್ ಅಗಲದ ಕೊರೆತವೇ ಸಾಕು, ಅದರ ತಳ ಹೊರಕ್ಕೆ ಓರೆಯಾಗಿರಲಿ, ನೀರು ನಿಲ್ಲಬಾರದು.

ಮಾರ್ಚ್: ಪಾಯ

3 ಅಡಿ ಆಳದ ಗುಂಡಿ, ತಳಕ್ಕೆ ಬೋಲ್ಡರ್, ಅದರ ಮೇಲೆ 1:2:4 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟು, ಕಲ್ಲು 2 ಅಡಿ ಹೂತದ್ದು. ಭಾರವಿದೆ ಎಂದು ಸುಮ್ಮನೆ ನೆಟ್ಟರೆ ನಿಲ್ಲದು: ಮುಳುಗಿದ ಕಣಶಿಲೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ತೂಕ ಕಳೆದುಕೊಳ್ಳುತ್ತದೆ, 650 ಇದ್ದದ್ದು 410ರ ಆಸುಪಾಸು. ಕಲ್ಲಿನ ಮುಖ ರಸ್ತೆಗೆ, 6 ಇಂಚಿನ ಅಂಚು ಸೆಳವಿಗೆ ಎದುರು. ಮುಖವನ್ನೇ ಸೆಳವಿಗೆ ಒಡ್ಡಿದರೆ ಐದು ಪಟ್ಟು ಮೈ ನೀರಿಗೆ ಸಿಗುತ್ತದೆ. ಜೆಸಿಬಿಯ ಕಬ್ಬಿಣದ ಸರಪಳಿ ಮೂಲೆ ಒಡೆಯುತ್ತದೆ. ನೈಲಾನ್ ಬೆಲ್ಟು, ಮೂಲೆಗೆ ಗೋಣಿಚೀಲ. ಆಧಾರದ ಗಳುಗಳನ್ನು 7 ದಿನ ತೆಗೆಯಲಿಲ್ಲ.

ಏಪ್ರಿಲ್: ಅಕ್ಷರ

‘ನುಡಿ’ ತಂತ್ರಾಂಶದಲ್ಲಿ ಟೈಪಾದ ಪಟ್ಟಿಯನ್ನು ಯೂನಿಕೋಡಿಗೆ ತಂದಾಗ ಅರ್ಕಾವತ್ತುಗಳು ಜಾಗ ಬದಲಿಸಿದವು. ಪರದೆಯ ಮೇಲೆ ತಿದ್ದಿದ್ದು ಸಾಲದು, ಅಳತೆಗೆ ಸರಿಯಾಗಿ ಕಾಗದಕ್ಕೆ ಮುದ್ರಿಸಿ, ಕಲ್ಲಿಗೆ ಅಂಟಿಸಿ, ಆಯಾ ಮನೆಯವರಿಂದಲೇ ಓದಿಸಿದ್ದು. ಅಕ್ಷರ 1.5 ಇಂಚು, ಸಾಲಿನಿಂದ ಸಾಲಿಗೆ 3 ಇಂಚು. ಅದಕ್ಕಿಂತ ಇಕ್ಕಟ್ಟಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ತಾಗುತ್ತದೆ. ಆಳ 5 ಮಿಲಿಮೀಟರ್, ಉಳಿಯಲ್ಲೇ. ಯಂತ್ರದಲ್ಲಿ ಮರಳು ಊದಿ ಒಂದು ಮಿಲಿಮೀಟರ್ ಕೆತ್ತಿದ್ದನ್ನು ಹಾವಸೆ ಎರಡು ಮಳೆಗಾಲದಲ್ಲಿ ತುಂಬಿಬಿಡುತ್ತದೆ. ‘ಧ’ದ ಸೀಳನ್ನು ಮಾತ್ರ ಕಾಗದದಲ್ಲಿರುವುದಕ್ಕಿಂತ ಉದ್ದ ಮಾಡಿಸಬೇಕು, ಇಲ್ಲವಾದರೆ ಉಳಿಯ ಪೆಟ್ಟಿಗೆ ಚೂರು ಹಾರಿ ‘ದ’ ಆಗುತ್ತದೆ. ಬಣ್ಣ ತುಂಬುವುದಿಲ್ಲ.

ಹಾವಸೆ ತೆಗೆಯಲು ದೀಪಾವಳಿಯ ಹೊತ್ತಿಗೆ ತೆಂಗಿನ ನಾರು, ಬರಿಯ ನೀರು. ಆಸಿಡ್ ಬೇಡ, ತಂತಿ ಬ್ರಷ್ಷೂ ಬೇಡ, ಉದುರಿದ ಕಬ್ಬಿಣದ ಚೂರು ತುಕ್ಕಿನ ಕಲೆ ಬಿಡುತ್ತದೆ.

ಗೆರೆ, ತಲೆಬರಹ, ಸೂರ್ಯಚಂದ್ರ ಮುಗಿದಿವೆ. ಹೆಸರುಗಳಲ್ಲಿ ಒಂದು ಸಾಲು ಬಾಕಿ: ಹುಡುಗಿಯ ಹೆಸರು ಶಾಲೆಯ ದಾಖಲೆಯಲ್ಲಿದ್ದಂತೆ ಇರಲಿ ಎಂದು ಅಪ್ಪ, ಕರೆಯುತ್ತಿದ್ದಂತೆ ಇರಲಿ ಎಂದು ಅಜ್ಜಿ. ಆ ಸಾಲಿನ ಕಾಗದ ಇನ್ನೂ ಕಲ್ಲಿನ ಮೇಲಿದೆ.