ಬೋರ್‌ವೆಲ್ ಲಾರಿ ನಿಂತ ಜಾಗದ ಮಣ್ಣು

ಕೋಲಾರದ ಕೆಮ್ಮಣ್ಣಿನಲ್ಲಿ ಡೀಸೆಲ್ ಚೆಲ್ಲಿದ ಕಡೆ ಒಂದು ಹನಿ ನೀರು ಬಿಟ್ಟು ನೋಡಿ. ಕೆಸುವಿನೆಲೆ ಮೇಲಿನ ಹಾಗೆ ಮುತ್ತಾಗಿ ನಿಲ್ಲುತ್ತದೆ, ಇಂಗುವುದಿಲ್ಲ. ಎಣ್ಣೆ ತಿನ್ನುವ ಸೂಡೊಮೊನಾಸ್, ರೋಡೋಕಾಕಸ್‌ನಂಥ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಆ ಮಣ್ಣಲ್ಲೇ ಇರುತ್ತವೆ. ನಮ್ಮ ಬಯಲುಸೀಮೆ ರೈತರ ಹಾಗೆ ಅವೂ ನೀರಿಗೇ ಕಾಯುತ್ತಿರುತ್ತವೆ. ನೀರು, ಗಾಳಿ, ಗೊಬ್ಬರ ಒದಗಿಸಿದರೆ ಆ ಎಣ್ಣೆಯನ್ನು ಅವೇ ತಿಂದು ಕಡಿಮೆ ಮಾಡುತ್ತವೆ.

ಒಂದು ಗೇಣು ಆಳ ಅಗೆದು ಹೆಂಟೆ ಒಡೆಯಿರಿ. ಡೀಸೆಲ್‌ನ ಇಂಗಾಲ ತಿನ್ನಲು ಜೀವಾಣುಗಳಿಗೆ ಸಾರಜನಕ, ರಂಜಕವೂ ಬೇಕು. ತೂಕದಲ್ಲಿ ಇಂಗಾಲ 100ಕ್ಕೆ ಸಾರಜನಕ 10, ರಂಜಕ 1 ಅಂತ ಹಿಡಿದರೆ, ಚೆಲ್ಲಿದ ಲೀಟರ್ ಡೀಸೆಲ್‌ಗೆ ಸುಮಾರು 150 ಗ್ರಾಂ ಯೂರಿಯಾ, 100 ಗ್ರಾಂ ಸಿಂಗಲ್ ಸೂಪರ್ ಫಾಸ್ಫೇಟ್ ಬೇಕು. ಒಂದೇ ಸಲ ಸುರಿದರೆ ಒಣಮಣ್ಣಲ್ಲಿ ಉಪ್ಪಿನಂಶ ಏರಿ ಜೀವಾಣು ಸೊರಗುತ್ತವೆ. ಮೂರು ಕಂತು ಮಾಡಿ. ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿದರೆ ತೇವ ನಿಲ್ಲುತ್ತದೆ. ಹಿಡಿ ಮಣ್ಣು ಅದುಮಿದರೆ ಉಂಡೆ ಕಟ್ಟಬೇಕು, ನೀರು ಜಿನುಗಬಾರದು. ಗಾಳಿಯಾಡಲು ವಾರಕ್ಕೊಮ್ಮೆ ತಿರುವಿಹಾಕಿ, ಬಿಸಿಲಿಗೆ ರಾಗಿ ಹುಲ್ಲು ಹೊದಿಸಿ.

ವಾಸನೆ ಹೋಯಿತೆಂದು ನಿಲ್ಲಿಸಬೇಡಿ. ಹಗುರ ಅಂಶ ಆವಿಯಾಗಿರುತ್ತದೆ ಅಷ್ಟೆ, ಭಾರದ್ದು ಕರಗಲು ತಿಂಗಳುಗಳೇ ಬೇಕು. ಚೆಲ್ಲಿದ್ದು ಹಳೇ ಇಂಜಿನ್ ಆಯಿಲ್ ಆದರೆ ಅದರಲ್ಲಿರುವ ಸೀಸ, ಸತುವನ್ನು ಯಾವ ಜೀವಾಣುವೂ ಇಲ್ಲವಾಗಿಸುವುದಿಲ್ಲ. ಅಲ್ಲಿ ಸೊಪ್ಪು, ಗೆಡ್ಡೆ ಬೆಳೆಯಬೇಡಿ.